ಆಲ್ಟ್ ಮತ್ತು ಡಿ

ಬೆಟಗೇರಿಯ ನೇಕಾರರ ಸಂಘವೊಂದಕ್ಕೆ ಸೀರೆ ಮಾರುವ ಜಾಲತಾಣ ಮಾಡಿಕೊಟ್ಟಾಗ ನನಗೆ ಎಲ್ಲಕ್ಕಿಂತ ಹೆಮ್ಮೆಯಿದ್ದದ್ದು ಅದರ ಶಾರ್ಟ್‌ಕಟ್ ಕೀಲಿಗಳ ಬಗ್ಗೆ. ಆಲ್ಟ್ ಜೊತೆ ಎಸ್ ಒತ್ತಿದರೆ ಸೀರೆಗಳ ಪಟ್ಟಿ ಬರುತ್ತಿತ್ತು, ಎನ್ ಒತ್ತಿದರೆ ಹೊಸ ಆರ್ಡರು. ಡಿ ಒತ್ತಿದರೆ ತುಂಬಿದ ಫಾರ್ಮು ಪೂರ್ತಿ ಅಳಿಸಿಹೋಗುತ್ತಿತ್ತು. ಮೌಸ್ ಮುಟ್ಟುವ ಅಗತ್ಯವೇ ಇರಲಿಲ್ಲ. ಇದನ್ನೆಲ್ಲ ನಾನು ಮಾಡಿದ್ದು ಮುಖ್ಯವಾಗಿ ಒಬ್ಬರಿಗಾಗಿ.

ಅವರು ಸಂಘದಲ್ಲಿ ಫೋನಿನ ಆರ್ಡರುಗಳನ್ನು ಬರೆದುಕೊಳ್ಳುತ್ತಿದ್ದರು. ನೇಕಾರರ ಮನೆಯ ಮಗಳು. ಚಿಕ್ಕಂದಿನಲ್ಲಿ ಜ್ವರ ಬಂದು ದೃಷ್ಟಿ ಹೋಗಿತ್ತು. ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋದವರು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಿದ್ದರು. ಸೆರಗನ್ನು ಬೆರಳಲ್ಲಿ ಸವರಿ ಅದು ಯಾರ ಮಗ್ಗದ್ದೆಂದು ಹೇಳಬಲ್ಲವರಾಗಿದ್ದರು. ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಎಷ್ಟು ವೇಗದಲ್ಲಿ ಕೇಳುತ್ತಿದ್ದರೆಂದರೆ, ನನ್ನ ಕಿವಿಗೆ ಅದು ಬರೀ ಗುಂಯ್ ಎನ್ನುತ್ತಿತ್ತು.

ಹದಿನೈದು ದಿನದ ಮೇಲೆ ಏನೋ ಕೆಲಸಕ್ಕೆಂದು ಹೋದವನು ಅವರ ಹಿಂದೆ ಕುಳಿತಿದ್ದೆ. ಗಿರಾಕಿಯ ವಿಳಾಸವೆಲ್ಲ ತುಂಬಿ ಇನ್ನೇನು ಮುಗಿಯಬೇಕು, ಫಾರ್ಮು ತಟ್ಟನೆ ಖಾಲಿಯಾಯಿತು. ಅವರು ಮುಖ ಸಹ ಸಿಂಡರಿಸಲಿಲ್ಲ. ನೆನಪಿನಿಂದಲೇ ಎಲ್ಲವನ್ನೂ ಮತ್ತೆ ತುಂಬಿದರು, ಪಿನ್‌ಕೋಡು ಸಹಿತ. ಏನಾಯಿತೆಂದು ಕೇಳಿದೆ. ಆಲ್ಟ್ ಮತ್ತು ಡಿ ಒತ್ತಿದರೆ ಬ್ರೌಸರಿನಲ್ಲಿ ಜಾಲತಾಣದ ವಿಳಾಸ ಬರೆಯುವ ಪಟ್ಟಿಗೆ ಹೋಗುವುದು ಅವರಿಗೆ ವರ್ಷಗಳ ರೂಢಿ. ನನ್ನ ಪುಟ ಆ ಕೀಲಿಯನ್ನು ಕಸಿದುಕೊಂಡಿತ್ತು. ಇದು ದಿನಕ್ಕೆ ಎರಡು ಮೂರು ಸಲವಾದರೂ ಆಗುತ್ತಿತ್ತಂತೆ.

ಯಾಕೆ ಹೇಳಲಿಲ್ಲ ಎಂದೆ.

"ಭಾಳ ಹುರುಪಿಲೆ ಮಾಡಿದ್ರಿ. ಹೇಳಾಕ ಮನಸ್ಸ ಬರಲಿಲ್ರಿ."

ನಾಚಿಕೆಯಾಯಿತು. ಡಿ ಬದಲು ಬೇರೆ ಅಕ್ಷರ ಇಡುತ್ತೇನೆ ಎಂದೆ. ಅವರು ಪರದೆಯ ಸ್ವಿಚ್ಚು ಆರಿಸಿ, ಹೆಡ್‌ಫೋನನ್ನು ನನ್ನ ಕೈಗಿಟ್ಟು, ನಾನೇ ಇಟ್ಟ ಕೀಲಿಗಳ ವಿವರವನ್ನು ಪುಟದಲ್ಲಿ ಕಿವಿಯಿಂದ ಹುಡುಕಲು ಹೇಳಿದರು. ಎಷ್ಟೋ ಹೊತ್ತು ತಡಕಾಡಿದೆ. ಅವು ಯಾವುವೆಂದು ಪುಟದಲ್ಲಿ ಎಲ್ಲೂ ನಾನು ಬರೆದೇ ಇರಲಿಲ್ಲ. ಅವರ ಮನೆಯಲ್ಲಿದ್ದ ಬೇರೆ ಬ್ರೌಸರಿನಲ್ಲಂತೂ ಅದೇ ಕೀಲಿಗೆ ಶಿಫ್ಟನ್ನೂ ಸೇರಿಸಿ ಒತ್ತಬೇಕಿತ್ತಂತೆ.

"ಹೊಸಾ ಕೀಲಿ ಬ್ಯಾಡ್ರಿ," ಎಂದರು. "ನನ್ನ ಕೀಲಿ ನನಗ ಬಿಟ್ರ ಸಾಕು."

ಬೇಕಾದದ್ದೇನೆಂದು ಆಮೇಲೆ ನಿಧಾನವಾಗಿ ವಿವರಿಸಿದರು. ಪ್ರತಿ ಭಾಗಕ್ಕೂ ಬರೀ ದಪ್ಪಕ್ಷರವಲ್ಲದೆ ನಿಜವಾದ ತಲೆಬರಹ ಇದ್ದರೆ, ಎಚ್ ಒತ್ತಿದಾಗ ಅವರ ತಂತ್ರಾಂಶವೇ ಒಂದರಿಂದ ಇನ್ನೊಂದಕ್ಕೆ ಹಾರಿಸುತ್ತದೆ. ತುಂಬುವ ಪ್ರತಿ ಖಾನೆಗೂ ತಂತ್ರಾಂಶ ಓದಬಲ್ಲ ಹೆಸರಿರಬೇಕು. ಅಷ್ಟೇ. ಇಷ್ಟು ವರ್ಷ ಈ ಕೆಲಸ ಮಾಡಿದ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡು ದಿನದಲ್ಲಿ ಪುಟದಿಂದ ಎಲ್ಲ ಕೀಲಿಗಳನ್ನೂ ಕಿತ್ತುಹಾಕಿದೆ. ಸಂಘದ ಕಾರ್ಯದರ್ಶಿಗೆ ಅವು ಹಿಡಿಸಿಬಿಟ್ಟಿದ್ದರಿಂದ, ಬೇಕೆಂದವರು ಮಾತ್ರ ಚಾಲೂ ಮಾಡಿಕೊಳ್ಳುವಂತೆ ಅವನ್ನು ಸೆಟ್ಟಿಂಗಿನಲ್ಲಿ ಇಟ್ಟೆ. ಹೆಡ್‌ಫೋನು ಹಾಕಿಕೊಂಡು ಹೊಸ ಪುಟವನ್ನು ಪರೀಕ್ಷಿಸಿದ ಅವರು, ನಾನು ಮೂರು ಸಲ ನೋಡಿಯೂ ಬಿಟ್ಟಿದ್ದ ಹೆಸರಿಲ್ಲದ ಖಾನೆಯೊಂದನ್ನು ನಿಮಿಷದೊಳಗೆ ಹಿಡಿದರು. ಅದನ್ನೂ ಸರಿಪಡಿಸಿದೆ. ಅಷ್ಟರಲ್ಲಿ ಮುಂಡರಗಿಯಿಂದ ಗಿರಾಕಿಯೊಬ್ಬರು ಫೋನು ಮಾಡಿದರು. ಆ ಗಿರಾಕಿಯ ಮಾತು ಮುಗಿಯುವ ಮೊದಲೇ ಆರ್ಡರು ದಾಖಲಾಗಿತ್ತು.

ನನಗೂ ಹೀಗೆ ಕೇಳಿ ಓದುವುದನ್ನು ಕಲಿಸಿ ಎಂದು ಕೇಳಿಕೊಂಡೆ. ಒಪ್ಪಿ, ನನಗಾಗಿ ಧ್ವನಿಯ ವೇಗ ತಗ್ಗಿಸಿದರು. ಒಂದು ಸಾಲು ಕೇಳುವಷ್ಟರಲ್ಲಿ ಅವರಿಗೇ ನಗು ಬಂತು.

"ಇಷ್ಟ ಸಾವಕಾಶ ಕೇಳಿದ್ರ ನನಗ ನಿದ್ದಿ ಬರತೈತ್ರಿ."