ಪೈಪು ಹಾದ ಹೊಲದಲ್ಲಿ ಅವ್ವನ ಜಾಗ

ಷೇರು ಕೊಳ್ಳುವ ಚಟ ನನಗೆ ಹತ್ತಿದ್ದು ಶಹಾಪುರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ. ನಾನು ಆರಿಸಿದ್ದು ಗ್ಯಾಸ್ ಪೈಪಿನ ಕಂಪನಿ. ಗ್ಯಾಸು ಯಾರದಾದರೂ ಇರಲಿ, ಸಾಗಿಸುವವನಿಗೆ ಬಾಡಿಗೆ ತಪ್ಪುವುದಿಲ್ಲ ಎಂಬ ಲೆಕ್ಕ. ಅದೇ ಕಂಪನಿಯ ಪೈಪು ನಮ್ಮ ತಾಲೂಕಿಗೂ ಬರುತ್ತದೆಂದು ಗೊತ್ತಾದ ದಿನ ಎಲ್ಲರಿಗೂ ಚಹಾ ಕುಡಿಸಿದ್ದೆ.

"ಊರಿಗೆ ಬಂದಾಕಿ ನೀರಿಗೆ ಬರಾಂಗಿಲ್ಲೇನ್ರಿ ಸರ, ನಾಳೆ ನಿಮ್ಮ ಹೊಲಕ್ಕೂ ಬರ್ತದ," ಎಂದು ಗಣಿತದ ಮಾಸ್ತರರು ಚೇಷ್ಟೆ ಮಾಡಿದರು.

ಬಂದೇ ಬಂತು. ಶಿರವಾಳದ ಹತ್ತಿರ ನಮ್ಮ ತೊಗರಿ ಹೊಲದಲ್ಲಿ ಅಳತೆಯ ಗೂಟಗಳು ಬಿದ್ದವು. ಆ ಹೊಲದ ಅಂಚಿನಲ್ಲಿ, ಹಳ್ಳಕ್ಕೆ ಹತ್ತಿಕೊಂಡು, ಅಪ್ಪನನ್ನು ಮಣ್ಣು ಮಾಡಿದ್ದೆವು. ಪಕ್ಕದ ಜಾಗ ತನ್ನದೆಂದು ಅವ್ವ ಅಂದೇ ಹೇಳಿಟ್ಟಿದ್ದಳು. ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋದಾಗಲೆಲ್ಲ ಅಲ್ಲಿಯ ಕಸ ಕಿತ್ತು, ಸ್ವಲ್ಪ ಹೊತ್ತು ಕೂತೇ ಬರುತ್ತಿದ್ದಳು. ಕಂಪನಿಯ ನಿಯಮದಂತೆ ಪೈಪು ಹಾದ ಪಟ್ಟಿಯಲ್ಲಿ ಜೋಳ, ತೊಗರಿ ಬಿತ್ತಬಹುದು. ಗಿಡ ಹಚ್ಚುವಂತಿಲ್ಲ, ಗುಂಡಿ ತೋಡುವಂತಿಲ್ಲ. ಅವ್ವನ ಜಾಗ ಆ ಪಟ್ಟಿಯೊಳಗೆ ಹೋಯಿತು.

"ಅವರ್ದಾಗ ರೊಕ್ಕ ಹಾಕೀದಿ ಅಲ್ಲಪ್ಪಾ? ಹೋಗಿ ಒಂದ್ ಮಾತ್ ಹೇಳು, ಜರಾ ಸರಸ್ಲಿ," ಅಂದಳು.

ನಮ್ಮ ಕಡೆ ಇಬ್ಬರು ಕೂಡಿ ಎತ್ತು ಕೊಂಡರೆ, ಅರ್ಧ ರೊಕ್ಕ ಕೊಟ್ಟವನನ್ನು ಕೇಳದೆ ಗಳೆ ಹೂಡುವುದಿಲ್ಲ. ಅವ್ವನಿಗೆ ಕಂಪನಿಯೂ ಹಾಗೇ. ಹಾಗಲ್ಲ ಎಂದು ಹೇಳಿ ಅವಳ ಮುಖ ನೋಡುವ ಧೈರ್ಯವಿಲ್ಲದೆ ಯಾದಗಿರಿಯ ಅವರ ಆಫೀಸಿಗೆ ಹೋದೆ. ಇಂಜಿನಿಯರ್ ಒಳ್ಳೆಯವನೇ, ಕೂಡಿಸಿ ಕೇಳಿದ.

"ಷೇರು ನನ್ನ ಕಡೆನೂ ಅವ ರೀ ಸರ. ಲೈನು ನನ್ನ ಮಾತೂ ಕೇಳಂಗಿಲ್ಲ," ಅಂದ.

ಬಂದು ಅವ್ವನಿಗೆ ಹೇಳಿದೆ. ಸಿಟ್ಟಾಗಲಿಲ್ಲ. "ಹಂಗಾರ ಯಾಕ್ ಹಾಕ್ದಿ?" ಎಂದಷ್ಟೇ ಕೇಳಿದಳು. ಲಾಭಕ್ಕೆ ಎನ್ನಲು ಬಾಯಿ ಬರಲಿಲ್ಲ. ಅಷ್ಟು ನಾಚಿಕೆ ನನಗೆ ಯಾವ ನಷ್ಟದಲ್ಲೂ ಆಗಿಲ್ಲ.

ಹೋದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಅಪ್ಪನ ಆಚೆ ಬದಿಗೆ ಹಳ್ಳ, ಹಾಗಾಗಿ ಪಟ್ಟಿಯ ಈಚೆ ಬದಿಗೆ ಗುಂಡಿ ತೋಡಿಸಿದೆವು. ಮಣ್ಣು ಕೊಡುವಾಗ ನನ್ನ ಕಣ್ಣು ಮತ್ತೆ ಮತ್ತೆ ಅಪ್ಪನ ಕಡೆಗೇ ಹೋಗುತ್ತಿತ್ತು. ನಡುವೆ ತೊಗರಿ ಹೂ ಬಿಟ್ಟು ನಿಂತಿತ್ತು.

ಈಗ ದರ ಏರಿದೆ. ಮಾರಿ ಕೈ ತೊಳೆದುಕೊಳ್ಳಿ ಎನ್ನುತ್ತಾಳೆ ಹೆಂಡತಿ. ಮಾರಿದರೆ ನನ್ನ ಷೇರು ಇನ್ನೊಬ್ಬರದಾಗುತ್ತದೆ, ಅಷ್ಟೇ. ಅವ್ವ ಈಚೆಯೇ ಇರುತ್ತಾಳೆ, ಅಪ್ಪ ಆಚೆ.