ಅರ್ಧ ಮೈದಾನ ಸಾರಿಸಿದ ಓನರಮ್ಮ

ಕಳೆದ ತಿಂಗಳು ಕಾಮಾಕ್ಷಿಪಾಳ್ಯದ ಹಿಂದೆ, ಹಳೆಯ ಕಾರ್ಖಾನೆಯ ಜಾಗದಲ್ಲಿ ಎದ್ದಿರುವ ಅಪಾರ್ಟ್‌ಮೆಂಟಿಗೆ ಗೃಹಪ್ರವೇಶಕ್ಕೆಂದು ಹೋಗಿದ್ದೆ. ಬಾಗಿಲ ಮುಂದೆ, ನುಣ್ಣನೆಯ ಟೈಲ್ಸಿನ ಮೇಲೆ, ಒಂದು ಮಣೆಯಷ್ಟು ಜಾಗಕ್ಕೆ ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದರು. ಪ್ಯಾಕೆಟಿನಲ್ಲಿ ಬಂದ ಸಗಣಿಯಂತೆ. ಆದರೂ ವಾಸನೆ ಅದೇ. ಮೂಗಿಗೆ ತಾಗಿದ್ದೇ ತಡ, ನಮ್ಮ ಓನರಮ್ಮ ನೆನಪಾದರು. ಅವರ ಬೆನ್ನಿಗೇ ಆ ದರಿದ್ರ ಫುಟ್‌ಬಾಲ್ ಟೀಮೂ ನೆನಪಾಗಿ ಹೊಟ್ಟೆ ಉರಿಯಿತು. ಇಷ್ಟು ವರ್ಷವಾದ ಮೇಲೂ...

ಎಪ್ಪತ್ತರ ದಶಕದ ಮಾತು. ನಾನು ಆ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಅಮ್ಮನೂ ನಾನೂ ಓನರಮ್ಮನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಅವರದು ಆ ಊರಿನ ಹಳೆಯ ಒಕ್ಕಲು ಮನೆತನ. ಯಜಮಾನರು ತೀರಿಕೊಂಡಿದ್ದರು. ಕಾರ್ಖಾನೆಗೆ ಅಂತ ಸರ್ಕಾರ ಅವರ ಹೊಲವನ್ನೆಲ್ಲ ತೆಗೆದುಕೊಂಡು, ರಾಗಿ ಬೆಳೆಯುತ್ತಿದ್ದಲ್ಲಿ ಶೆಡ್ಡುಗಳು ಎದ್ದು, ಬಾವಿಯನ್ನೂ ಮುಚ್ಚಿಯಾಗಿತ್ತು. ಖಾಲಿ ಉಳಿದದ್ದು ಒಂದು ಬಯಲು ಮಾತ್ರ. ಅದರ ಮೂಡಣ ತುದಿಯಲ್ಲಿ ಓನರಮ್ಮನವರ ಕಣವಿತ್ತು, ಸುಗ್ಗಿಯಲ್ಲಿ ಎತ್ತು ಕಟ್ಟಿ ರಾಗಿ ತುಳಿಸುತ್ತಿದ್ದ ಜಾಗ. ಕಾರ್ಖಾನೆಯವರು ಆ ಬಯಲಿಗೆ ಎರಡೂ ಕಡೆ ಗೋಲ್ ಕಂಬ ನೆಟ್ಟು ಫುಟ್‌ಬಾಲ್ ಮೈದಾನ ಮಾಡಿಕೊಂಡಿದ್ದರು.

ದಿನಾ ಸಂಜೆ ಓನರಮ್ಮ ಅಲ್ಲಿಗೆ ಹೋಗುತ್ತಿದ್ದರು. ಮೈದಾನದ ಅಂಚಿಗೆ ಬಂದ ಕೂಡಲೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಡೆದು, ಮೂಡಣ ಗೋಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವರು. ಮೊದಮೊದಲು ಆಟಗಾರರ ಬೂಟು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆಮೇಲಾಮೇಲೆ ಬೂಟಿನ ಸಿಟ್ಟು ಹೋಗಿ ಆಟದ ಸಿಟ್ಟು ಹತ್ತಿಕೊಂಡಿತು.

"ಕಣಕ್ಕೆ ಬೂಟು ಹಾಕ್ಕಂಡು ಬತ್ತಾರೆ, ಹೋಗ್ಲಿ ಅಂತ ಸುಮ್ನಿದೀನಿ. ಅಷ್ಟು ಹೊತ್ತು ಎತ್ತು ತುಳಿದಿದ್ರೆ ಪಲ್ಲ ರಾಗಿ ಬಂದಿರದು. ಇವ್ರು ಹನ್ನೊಂದು ಜನ ತುಳಿದ್ರೂ ಒಂದು ಗೋಲು ಬರಬ್ಯಾಡ್ವಾ?"

ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಆಟಗಾರರೇನು ಬಿಡುವಿನ ವೇಳೆಗೆ ಆಡುವ ಹುಡುಗರಲ್ಲ, ಆಟಕ್ಕೆಂದೇ ಸಂಬಳ ಕೊಟ್ಟು ಕರೆತಂದವರು. ಬೆಳಿಗ್ಗೆ ಕಾರ್ಡ್ ಪಂಚ್ ಮಾಡಿದರೆ ಅವತ್ತಿನ ಕೆಲಸ ಮುಗಿಯಿತು. ನೌಕರಿ ಖಾಯಂ ಆಗುವ ತನಕ ಕುದುರೆಗಳ ಹಾಗೆ ಓಡುತ್ತಿದ್ದರು. ಖಾಯಂ ಆರ್ಡರನ್ನು ನಾನೇ ಟೈಪ್ ಮಾಡುತ್ತಿದ್ದೆನಲ್ಲ, ಅದು ಕೈಗೆ ಸಿಕ್ಕ ವಾರದೊಳಗೆ ಒಬ್ಬನಿಗೆ ಮಂಡಿನೋವು, ಇನ್ನೊಬ್ಬನಿಗೆ ಸೊಂಟನೋವು. ಎಲ್ಲರಿಗಿಂತ ದೊಡ್ಡ ಪೀಡೆ ಸೆಂಟರ್ ಫಾರ್ವರ್ಡ್. ಸ್ಪೋರ್ಟ್ಸ್ ಆಫೀಸರ ಭಾವಮೈದುನ. ಕಾಲುಚೀಲದಲ್ಲಿ ಬಾಚಣಿಗೆ ಇಟ್ಟುಕೊಂಡು ಆಡಲು ಬರುತ್ತಿದ್ದ ಆಸಾಮಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಚೆಂಡು ಆ ಕಡೆ ಇದ್ದಾಗ ಈ ಕಡೆ ತಲೆ ಬಾಚುವನು. ಅವನನ್ನು ಕೂರಿಸಿ ಬೇರೆಯವರನ್ನು ಆಡಿಸಿ ಅನ್ನುವ ಧೈರ್ಯ ಯಾರಿಗಿತ್ತು? ಓನರಮ್ಮನಿಗೆ ಮಾತ್ರ ಇತ್ತು. ಅಂಚಿನಲ್ಲಿ ಕೂತೇ ಅವನ ಏಳು ತಲೆಮಾರನ್ನೂ ಜಾಲಾಡುತ್ತಿದ್ದರು. ಅವರು ಬಯ್ಯದೆ ಬಿಟ್ಟದ್ದು ಗೋಲ್‌ಕೀಪರನೊಬ್ಬನನ್ನೇ.

ಆ ವರ್ಷ ಸೋತು ಸೋತು ಟೀಮು ತಳಕ್ಕೆ ಬಂದಿತ್ತು. ಕೊನೆಯ ಪಂದ್ಯ ಸೋತರೆ ಕೆಳಗಿನ ಡಿವಿಜನ್ನಿಗೆ ಇಳಿಸುತ್ತಾರೆ, ಡ್ರಾ ಆದರೂ ಸಾಕು ಉಳಿದುಕೊಳ್ಳುತ್ತೇವೆ. ಇಳಿದರೆ ಟೀಮನ್ನೇ ಮುಚ್ಚಿ ಮೈದಾನದಲ್ಲಿ ಗುಜರಿ ಸಾಮಾನಿನ ಶೆಡ್ ಕಟ್ಟುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಮನೆಗೆ ಬಂದು ಓನರಮ್ಮನಿಗೆ ಹೇಳಿದೆ. ಸಿಡಿದೇಳುತ್ತಾರೆ ಅಂದುಕೊಂಡಿದ್ದೆ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, "ನಮ್ ಕಣದ್ ಮ್ಯಾಲಾ?" ಅಂದರು, ಅಷ್ಟೇ.

ಪಂದ್ಯದ ದಿನ ಸ್ಟೇಡಿಯಂನಲ್ಲಿ ಏನೋ ಸಮಾರಂಭವಿದ್ದುದರಿಂದ ಆಟ ನಮ್ಮ ಮೈದಾನಕ್ಕೇ ಬಂತು. ಹಿಂದಿನ ದಿನ ಓನರಮ್ಮನ ಮನೆಗೆ ಮಜ್ಜಿಗೆ ಕುಡಿಯಲು ಬಂದ ಗೋಲ್‌ಕೀಪರ್ ತರಚಿದ ಮಂಡಿ ತೋರಿಸಿದ.

"ಗೋಲ್ ಮುಂದೆ ಬರೀ ಕಲ್ಲಮ್ಮ. ಬಾಲ್ ಎಲ್ಲಿ ಬಿದ್ದು ಎಲ್ಲಿ ಏಳುತ್ತೋ ಗೊತ್ತೇ ಆಗಲ್ಲ."

ಅವನು ಅತ್ತ ಹೋದದ್ದೇ ತಡ, ಓನರಮ್ಮ ಎರಡು ಮಂಕರಿ ಸಗಣಿ ತುಂಬಿಸಿದರು. ಒಂದನ್ನು ತಾವು ಹೊತ್ತು ಇನ್ನೊಂದನ್ನು ನನ್ನ ಸೊಂಟಕ್ಕೇರಿಸಿದರು. ವಾಚ್‌ಮನ್ ಪರಿಚಯದವನೇ, ತಡೆಯಲಿಲ್ಲ. ಸುಗ್ಗಿಗೆ ಮುಂಚೆ ಕಣ ಮಾಡುವ ಹಾಗೆಯೇ, ಮೂಡಣ ಗೋಲಿನ ಮುಂದೆ ಕಲ್ಲು ಆಯ್ದು, ನೀರು ಹೊಡೆದು, ನೆಲ ಬಡಿದು, ಸಗಣಿ ಕದಡಿ ಪೊರಕೆಯಲ್ಲಿ ಎಳೆದೆವು. ಜೀವಮಾನದಲ್ಲಿ ಸಗಣಿ ಮುಟ್ಟದಿದ್ದ ನಾನು ಮೊಣಕೈವರೆಗೂ ಮೆತ್ತಿಕೊಂಡಿದ್ದೆ. ಒಂದು ಮಂಕರಿಗೆ ಆ ಕಡೆಯ ಕೆಲಸ ಮುಗಿಯಿತು. ಇನ್ನೊಂದನ್ನು ಎತ್ತಿಕೊಂಡು, ಹುಣಸೆ ಮರದ ಕೆಳಗಿದ್ದ ಪಡುವಣ ಗೋಲಿನತ್ತ ಹೊರಟೆ.

"ಎಲ್ಲಿಗೆ ಹೊಂಟೆ?"

"ಆ ಕಡೆನೂ ಸಾರಿಸ್ಬೇಕಲ್ವಾ ಓನರಮ್ಮ? ಅರ್ಧ ಆಟ ಆದ್ಮೇಲೆ ನಮ್ಮೋರು ಆ ಕಡೆಗೆ ಬರ್ತಾರೆ."

"ಗೊತ್ತು. ಅದು ನನ್ ಮೈದುನನ ಪಾಲು. ಅವನ ಹೊಲಕ್ಕೆ ನನ್ ಪೊರಕೆ ಹೋಗಾಕಿಲ್ಲ."

"ಈಗದು ಫ್ಯಾಕ್ಟರಿದಲ್ವಾ?"

"ಕಾಗದದಾಗೆ ಫ್ಯಾಕ್ಟರಿದು. ಯಜಮಾನ್ರು ಸಾಯೋವಾಗ ಬಾಯಿಗೆ ನೀರು ಬಿಡಾಕೂ ಬರ್ಲಿಲ್ಲ ಅವನು. ನಡಿ ಮನೆಗೆ."

ಪಾಲಾದ ಮೇಲೆ ಆ ಮೈದುನ ಗಡಿ ದಾಟಿ ಒಂದು ಸಾಲು ಉತ್ತಿದ್ದನಂತೆ. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಹೊಲವೇ ಹೋಗಿತ್ತು, ಗಡಿ ಮಾತ್ರ ಓನರಮ್ಮನ ಕಣ್ಣಿಗೆ ಹಾಗೇ ಕಾಣುತ್ತಿತ್ತು. ತುಂಬಿದ ಮಂಕರಿಯನ್ನು ವಾಪಸ್ಸು ಹೊತ್ತು ತಂದೆವು.

ಮರುದಿನ ಮೊದಲರ್ಧ ನಮ್ಮವರದು ಮೂಡಣ ಗೋಲು. ನೆಲ ಒಣಗಿ ಗಟ್ಟಿಯಾಗಿ, ಅಂಗೈಯ ಹಾಗೆ ಸಮನಾಗಿತ್ತು. ಗೋಲ್‌ಕೀಪರ್ ಬಂದ ಚೆಂಡನ್ನೆಲ್ಲ ಹಿಡಿದ. ಓನರಮ್ಮ ಅವತ್ತು ಒಬ್ಬರನ್ನೂ ಬಯ್ಯಲಿಲ್ಲ. ಅತ್ತ ಬಾಚಣಿಗೆ ಮಹಾಶಯ ಬರಿದಾದ ಗೋಲು ಎದುರಿಗಿದ್ದಾಗಲೂ ಚೆಂಡನ್ನು ಕಾಂಪೌಂಡಿನ ಆಚೆಗೆ ಒದ್ದ. ಒಂದು ಸಲವಲ್ಲ, ಎರಡು ಸಲ. ಆಮೇಲೆ ಕಡೆ ಬದಲಾಯಿತು. ಇನ್ನೇನು ಮುಗಿಯಿತು, ಡ್ರಾ ಆಯಿತು ಅನ್ನುವಾಗ, ಯಾರೋ ದೂರದಿಂದ ಒದ್ದ ಸಪ್ಪೆ ಚೆಂಡೊಂದು ಉರುಳಿಕೊಂಡು ಬಂತು. ಹುಣಸೆ ಮರದ ಕೆಳಗಿನ ಕಲ್ಲಿಗೆ ತಾಗಿ, ಕೂತು ಹಿಡಿಯಲು ಹೋದ ಗೋಲ್‌ಕೀಪರನ ಹೆಗಲ ಮೇಲಿಂದ ಹಾರಿ ಒಳಗೆ ಹೋಯಿತು...

ಸೋಮವಾರ ಆಫೀಸಿನಲ್ಲಿ ಸ್ಪೋರ್ಟ್ಸ್ ಆಫೀಸರ್ ಎಲ್ಲರಿಗೂ ಕೇಳುವ ಹಾಗೆ, ಹಳ್ಳಿ ಹೆಂಗಸೊಂದು ಸಗಣಿ ಬಳಿದು ಗ್ರೌಂಡ್ ಹಾಳು ಮಾಡಿದ್ದಕ್ಕೇ ಸೋತಿದ್ದು ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ತಡೆಯಲಾಗಲಿಲ್ಲ.

"ಸಾರ್, ಗೋಲ್ ಆಗಿದ್ದು ಸಾರಿಸದೇ ಇರೋ ಕಡೆ."

"ನೀವು ಟೈಪ್ ಮಾಡ್ರೀ. ರೆಫರಿ ಕೆಲಸ ನಿಮ್ದಲ್ಲ."

ಬಾಚಣಿಗೆಯವನು ಅದೇ ಕಾರ್ಖಾನೆಯಲ್ಲಿ ಕೂತು ಉಂಡು, ಹಾರ ಹಾಕಿಸಿಕೊಂಡು ರಿಟೈರಾದ. ಗೋಲ್‌ಕೀಪರನನ್ನು ಫೌಂಡ್ರಿಯ ಬೆಂಕಿ ಕೆಲಸಕ್ಕೆ ತಳ್ಳಿದರು. ಇದಕ್ಕೇನು ಹೇಳಬೇಕು ನೀವೇ ಹೇಳಿ.

ಆಫೀಸರ ಮಾತನ್ನು ಓನರಮ್ಮನಿಗೆ ಹೇಳಿದೆ. ಈಗಲಾದರೂ ಅವನ ಜನ್ಮ ಜಾಲಾಡಲಿ ಎಂಬ ಆಸೆ ನನಗೆ. ಅವರು ಅವರೇಕಾಯಿ ಬಿಡಿಸುತ್ತಾ ಕಾಂಪೌಂಡ್ ಗೋಡೆಯತ್ತ ನೋಡಿದರು. ಉಳಿದಿದ್ದ ಸಗಣಿಯನ್ನು ಅಲ್ಲಿ ಬೆರಣಿ ತಟ್ಟಿದ್ದರು. ಸಾಲಾಗಿ ಒಣಗುತ್ತಿದ್ದವು.

"ಒಂದು ಮಂಕ್ರಿ ತುಂಬ ಇತ್ತು ಕಣವ್ವಾ," ಅಂದರು. ಇನ್ನೊಂದು ಕಾಯಿ ಬಿಡಿಸಿ ಮತ್ತೆ ಅದನ್ನೇ ಅಂದರು. "ತುಂಬ ಇತ್ತು."

ಶೆಡ್ ಎದ್ದಿತು. ಓನರಮ್ಮ ಮತ್ತೆ ಆ ಕಡೆ ಕಾಲಿಡಲಿಲ್ಲ. ನಾವು ವಿಜಯನಗರಕ್ಕೆ ಮನೆ ಬದಲಾಯಿಸಿದ ಮೇಲೆ ಒಂದೆರಡು ಸಲ ಹೋಗಿ ನೋಡಿಕೊಂಡು ಬಂದಿದ್ದೆ. ಅವರು ಹೋದ ಸುದ್ದಿ ಮಾತ್ರ ತಡವಾಗಿ ತಿಳಿಯಿತು. ಮಣ್ಣಿಗೆ ಮೈದುನ ಬಂದಿದ್ದನೋ ಇಲ್ಲವೋ, ಕೇಳಲು ಮನಸ್ಸಾಗಲಿಲ್ಲ...

ಗೃಹಪ್ರವೇಶದ ಮನೆಯ ಕಿಟಕಿಯಾಚೆ ಒಂದು ಹುಣಸೆ ಮರ ಕಂಡಿತು. ಕೊಂಬೆಗಳನ್ನೆಲ್ಲ ಕಡಿದಿದ್ದಾರೆ, ಬೊಡ್ಡೆ ಅದೇ. ಇದು ಯಾವ ದಿಕ್ಕಮ್ಮಾ ಎಂದು ಮನೆಯ ಸೊಸೆಯನ್ನು ಕೇಳಿದೆ.

"ವೆಸ್ಟ್ ಆಂಟಿ. ವಾಸ್ತು ನೋಡೋರು ಈ ದಿಕ್ಕಿನ ಮನೆ ಬೇಡ ಅಂದ್ರು, ಆದ್ರೂ ನಾವೇ ಸಗಣಿ ಸಾರಿಸಿ ಒಳಗೆ ಬಂದ್ವಿ."

ಅಂತೂ ಪಡುವಣ ಪಾಲಿಗೂ ಸಗಣಿ ಬಿತ್ತು. ಸಾರಿಸಬೇಕಾಗಿದ್ದವರು ಇಲ್ಲ, ಮೈದಾನವಿಲ್ಲ, ಬಯ್ಯೋಣವೆಂದರೆ ಆ ಟೀಮೂ ಇಲ್ಲ. ನಾನು ಆ ಮಣೆಯಷ್ಟು ಜಾಗವನ್ನು ನೋಡುತ್ತಾ ನಿಂತಿದ್ದೆ. ಸೊಸೆ ನನ್ನ ಕಾಲು ನೋಡಿ, "ಚಪ್ಪಲಿ ಎಲ್ಲಿ ಬಿಟ್ರಿ ಆಂಟಿ? ಇಲ್ಲಿ ಸ್ಟ್ಯಾಂಡ್ ಇತ್ತಲ್ಲ?" ಅಂದಳು.

ಕೆಳಗೆ ಗೇಟಿನ ಹತ್ತಿರವೇ ಬಿಟ್ಟು ಬಂದಿದ್ದೆ.