ಸಾತಪುರದ ಮನ್ಮಥಪ್ಪನವರು ಮತ್ತು ಒಂದೆರಡು ಕಡೆಯ ಮಳೆ

ಮನ್ಮಥಪ್ಪನವರು ಸಮುದ್ರವನ್ನು ಕಣ್ಣಿಂದ ಕಂಡವರಲ್ಲ. ಬೀದರ ಜಿಲ್ಲೆಯ ಭಾಲ್ಕಿಯಲ್ಲಿ ಹುಟ್ಟಿ, ನಾಸಿಕದ ಸಾತಪುರಕ್ಕೆ ಬಂದು, ಅಲ್ಲೊಂದು ಕಾರ್ಖಾನೆಯ ಸ್ಟೋರ್‌ಕೀಪರ್ ಆಗಿ ಇಪ್ಪತ್ತೆರಡು ವರ್ಷ ನಟ್ಟು ಬೋಲ್ಟುಗಳ ನಡುವೆ ಬದುಕಿದವರು. ಆದರೂ ಅರಬ್ಬಿ ಸಮುದ್ರದ ಮೇಲೆ ಇವತ್ತು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ಅಲೆ ಎಷ್ಟು ಮೀಟರ್ ಏಳುತ್ತಿದೆ, ಮೀನುಗಾರರು ಹೋಗಬಹುದೋ ಬಾರದೋ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು.

ಇದಕ್ಕೆ ಕಾರಣ ರೇಡಿಯೋ. ಸಂಜೆ ಆರೂ ಐವತ್ತೈದಕ್ಕೆ ಮರಾಠಿಯಲ್ಲಿ ಹವಾಮಾನ ಮುನ್ನೋಟ ಬರುತ್ತಿತ್ತು. ಮೊದಲು ಕರಾವಳಿ ನೀರು, ಆಮೇಲೆ ಒಳನಾಡಿನ ಕಣಿವೆಗಳು. ಕರಾವಳಿ ನೀರಿಗೆ ಐದು ನಿಮಿಷ ಬೇಕಾಗುತ್ತಿತ್ತು. ಓದುವವನು ಉಸಿರೆಳೆದು “ಇನ್ನು ಒಳನಾಡಿನ ಕಣಿವೆಗಳಲ್ಲಿ” ಎನ್ನುವುದಕ್ಕೂ, ಪಕ್ಕದ ಕಾರ್ಖಾನೆಯ ಏಳರ ಪಾಳಿಯ ಭೋಂಗಾ, ಅಂದರೆ ಸೈರನ್, ಕೂಗುವುದಕ್ಕೂ ಸರಿಹೋಗುತ್ತಿತ್ತು. ಭೋಂಗಾ ನಿಂತ ಮೇಲೆ ಪಾಳಿ ಬಿಟ್ಟ ಇನ್ನೂರು ಮೋಟಾರ್‌ಸೈಕಲ್‌ಗಳು ಕಿಟಕಿಯ ಕೆಳಗೆ ಹಾಯುತ್ತಿದ್ದವು. ಅವು ಹಾದು ಮುಗಿಯುವಾಗ ರೇಡಿಯೋದವನು ನಮಸ್ಕಾರ ಹೇಳಿ ಹೊರಟುಬಿಟ್ಟಿರುತ್ತಿದ್ದ. ಹೀಗೆ ಹನ್ನೊಂದು ವರ್ಷ.

ಬೇರೆ ಯಾರಾದರೂ ರೇಡಿಯೋವನ್ನು ಮಾರಿಬಿಡುತ್ತಿದ್ದರು. ಮನ್ಮಥಪ್ಪನವರು ಶಾಸ್ತ್ರವೊಂದನ್ನು ಕಟ್ಟಿದರು. “ಸಮುದ್ರದ ಹವಾ ಕಸಾರಾ ಘಾಟ ಹತ್ತಿ ನಮ್ಮ ಕಡಿ ಬರ್ಲಿಕ್ಕ ಎರಡು ದಿನ ಬೇಕು. ಅಲ್ಲಿ ಇವತ್ತು ಖವಳಿತು, ಕೆರಳಿತು ಅಂದ್ರ ಇಲ್ಲಿ ನಾಡದ ಖವಳ್ತದ.” ಒಮ್ಮೆ ಇದು ನಿಜವಾಯಿತು. ಅಂದಿನಿಂದ ಅವರ ಕಟ್ಟಡದ ಆರು ಕನ್ನಡ ಮನೆಗಳು ಕುರಡಿಗಿ, ಅಂದರೆ ಗೋದಿ ಹಾಲಿನ ಸಂಡಿಗೆ, ಹಾಕುವ ದಿನವನ್ನು ಅವರೇ ಗೊತ್ತುಮಾಡತೊಡಗಿದರು.

ಕುರಡಿಗಿ ಹಾಕುವುದನ್ನು ಹಗುರವಾಗಿ ತಿಳಿಯಬಾರದು. ಹಪ್ಪಳವಾದರೆ ಮೋಡ ಕಂಡರೆ ನಾಳೆ ಮಾಡೋಣ ಎನ್ನಬಹುದು. ಕುರಡಿಗಿಯ ಗೋದಿ ಮೂರು ದಿನ ನೆನೆಯಬೇಕು. ಮೂರನೆಯ ಸಂಜೆ ರುಬ್ಬಿ ಹಾಲು ಹಿಂಡಿಟ್ಟರೆ ನಾಲ್ಕನೆಯ ಬೆಳಗ್ಗೆ ಕುದಿಸಿ, ಅಚ್ಚಿನಲ್ಲಿ ಒತ್ತಿ, ಬಿಸಿಲಿಗೆ ಹಾಕಲೇಬೇಕು. ತಡೆದರೆ ಹುಳಿ. ನೆನೆದ ಗೋದಿ ದಿಬ್ಬಣ ಹೊರಟ ಬೀಗರಂತೆ, ಹಿಂದಕ್ಕೆ ಕಳಿಸಲಾಗದು. ಆದ್ದರಿಂದ ಗೋದಿಗೆ ನೀರು ಹಾಕುವವರು ನಾಲ್ಕು ದಿನ ಮುಂದಿನ ಆಕಾಶ ನೋಡಿಯೇ ಹಾಕಬೇಕು.

೨೦೦೮ರ ಮಾರ್ಚಿನಲ್ಲಿ ಸಮುದ್ರ ಶಾಂತವಾಗಿತ್ತು. ಮನ್ಮಥಪ್ಪನವರು ಅಪ್ಪಣೆ ಕೊಟ್ಟರು. ನಾಲ್ಕನೆಯ ದಿನ ನಿಂಬೆಕಾಯಿ ಗಾತ್ರದ ಆಲಿಕಲ್ಲು ಬಿದ್ದು, ಆರು ಮನೆಯ ಕುರಡಿಗಿ ಕಟ್ಟಡದ ಮೇಲಿನ ಗಚ್ಚಿಯ ಮೋರಿಯಲ್ಲಿ ಹಾಲಾಗಿ ಹರಿಯಿತು. ಎದುರು ಕಟ್ಟಡದ ಮಂದಾಕಿನಿಬಾಯಿಯವರು ಮಾತ್ರ ಅಂದು ಕುರಡಿಗಿ ಹಾಕಿರಲಿಲ್ಲ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ ಮಧುಕರರಾಯರ ಹೆಂಡತಿ ಅವರು. ಮಳೆ ಬರುವುದಿದ್ದರೆ ಅವರ ಬಲಗಾಲಿನ ಮೊಣಕಾಲು ನೋಯುತ್ತಿತ್ತು. ಆ ವರ್ಷ ನೊಂದಿತ್ತು.

ಮರುವರ್ಷ ಮಾರ್ಚ್ ಬಂದಾಗ ಮನ್ಮಥಪ್ಪನವರ ಧರ್ಮಪತ್ನಿ ಈರಮ್ಮನವರು ಎಲ್ಲ ಹೆಂಗಸರ ಎದುರಿಗೆ ತೀರ್ಪು ಕೊಟ್ಟರು: “ಇದೊಂದ ಸಲ ನೋಡ್ತೀನ್ರಿ. ಈ ಸಲಾನೂ ಕುರಡಿಗಿ ತೊಯ್ದ್ವು ಅಂದ್ರ ನಿಮ್ಮ ರೇಡಿಯೋ ಅಟ್ಟದ ಮ್ಯಾಲ. ಮುಂದ ಮಂದಾಕಿನಿಬಾಯಿ ಮೊಳಕಾಲೇ ನಮಗ ಪಂಚಾಂಗ.”

ಹನ್ನೊಂದು ವರ್ಷದ ಸಾಮ್ರಾಜ್ಯ ಒಂದು ಮೊಣಕಾಲಿನ ಪಾಲಾಗುವ ಗಳಿಗೆ. ಮನ್ಮಥಪ್ಪನವರು ಅನ್ನ ಬಿಟ್ಟರು. ಅಂದರೆ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಅದೃಷ್ಟಕ್ಕೆ ಆ ವಾರ ಕಾರ್ಖಾನೆಯ ಕೆಲಸದ ಮೇಲೆ ಅವರು ವಾಳೂಜ್‌ಗೆ ಹೋಗಬೇಕಾಯಿತು. ವಾಳೂಜ್ ಮುಗಿಸಿ, ಔರಂಗಾಬಾದ್ ದಾಟಿ ಚಿಕಲಠಾಣಾಕ್ಕೆ ಹೋದರು. ಅಲ್ಲಿನ ಹವಾಮಾನ ಕಚೇರಿಯಲ್ಲಿ ಗದಗಿನ ಕೃಷ್ಣರಾಜ ಎಂಬವರಿದ್ದಾರೆಂದು ಕೇಳಿದ್ದರು. ಮೂಲಸ್ಥಾನದಲ್ಲೇ ಸತ್ಯವನ್ನು ಹಿಡಿಯುವುದೆಂದು, ಒಂದು ಕಿಲೋ ನಾಸಿಕದ ದ್ರಾಕ್ಷಿಯನ್ನು ಆಯುಧವಾಗಿ ಹಿಡಿದು ಒಳಹೊಕ್ಕರು.

“ಸಾಹೇಬ್ರ, ಸೋಮವಾರ ಸಾತಪುರದಾಗ ಮಳಿ ಅದನೋ ಇಲ್ಲೋ?”

ಕೃಷ್ಣರಾಜ ಕಾಗದ ನೋಡಿ ಹೇಳಿದರು: “ಒಳನಾಡಿನ ಕಣಿವೆಯೊಳಗ ಒಂದೆರಡು ಕಡೆ ಗುಡುಗುಸಹಿತ ಮಳಿ ಸಂಭವ ಅದರಿ.”

“ಒಂದೆರಡು ಕಡೆ ಅಂದ್ರ ಎಲ್ಲೆಲ್ಲಿ?”

“ಹಂಗ ಹೇಳಾಕ ಬರೂದಿಲ್ರಿ.”

“ಆ ಒಂದೆರಡರಾಗ ಸಾತಪುರ ಅದನೋ ಇಲ್ಲೋ, ಇಷ್ಟ ಹೇಳ್ರಿ. ಉಳಿದದ್ದು ನನಗ ಬ್ಯಾಡ.”

“ಇರಬಹುದು, ಇರಲಿಕ್ಕಿಲ್ಲ.”

“ಅಲ್ಲರಿ, ಇರಬಹುದು ಇರಲಿಕ್ಕಿಲ್ಲ ಅನ್ಲಿಕ್ಕ ನನಗೂ ಬರ್ತದ. ಅದಕ್ಕ ಇಷ್ಟು ಮಶೀನ್ ಯಾಕ ಬೇಕು?”

ಅಷ್ಟರಲ್ಲಿ ಫೋನು ಬಂತು. ಕೃಷ್ಣರಾಜರ ಮನೆಯಾಕೆ. ಸಾತಪುರದವರಿಗೂ ಕೇಳುವಷ್ಟು ದೊಡ್ಡ ಧ್ವನಿ: “ಹಾಸಿಗಿ ಬಿಸಲಿಗೆ ಹಾಕ್ಲೇನ್ರಿ ಇವತ್ತ?” ಅವರು ಗಂಟಲು ಸರಿಮಾಡಿ “ಒಂದೆರಡು ಕಡೆ” ಎಂದು ಆರಂಭಿಸಿದರು. “ನಿಮ್ಮನ್ನ ಕೇಳಿದ್ದ ನನ್ನ ತಪ್ಪು. ಬಾಗಲಾ ತಗದ ಮುಗಲ ನೋಡ್ತೀನಿ” ಎಂದು ಫೋನು ಕುಕ್ಕಿದ ಸದ್ದು. ಕೃಷ್ಣರಾಜ ಬಂದವರ ಮುಖವನ್ನು ನೋಡದೆ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡರು. ಆಮೇಲೆ ಮುನ್ನೋಟವನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಶುಕ್ರವಾರ ಬೆಳಗ್ಗೆ ಗಚ್ಚಿಯ ಮೇಲೆ ಸಭೆ. ಸೋಮವಾರ ಹಾಕಬೇಕಾದರೆ ಆಗಲೇ ಗೋದಿಗೆ ನೀರು ಬೀಳಬೇಕು. ಮನ್ಮಥಪ್ಪನವರು ಚೀಟಿಯನ್ನು ತಾಮ್ರಪಟದಂತೆ ಓದಿದರು.

“ಅಪ್ಪಾ, ಇದು ಹೋ ಏನ, ನಾಹೀ ಏನ?” ಎಂದು ಮರಾಠಿ ಬೆರೆಸಿ ಹೌದೋ ಅಲ್ಲವೋ ಕೇಳಿದಳು ಕಾಲೇಜಿಗೆ ಹೊರಟಿದ್ದ ಮಗಳು ಪ್ರಿಯಾ.

“ಒಂದೆರಡು ಕಡೆ ಅಂತ ಅದವ್ವಾ.”

“ನನ್ನ ಮೊಣಕಾಲು ಏನೂ ಅನ್ಲಿಕ್ಕತ್ತಿಲ್ಲಪ್ಪಾ,” ಎಂದರು ಮಂದಾಕಿನಿಬಾಯಿ, ಯಾರೂ ಕೇಳದಿದ್ದರೂ. “ನಾ ಅಂತೂ ಇವತ್ತ ನೆನಿ ಹಾಕಾಕಿ.”

ಈರಮ್ಮನವರು ಸೊಂಟದ ಮೇಲೆ ಕೈಯಿಟ್ಟರು. “ಚೀಟಿ ಸಾಕ್ರಿ. ಒಂದ ಮಾತು. ಹಾಕೂದೋ ಬಿಡೂದೋ?”

ಬ್ಯಾಡ ಎಂದರೆ, ಮಳೆ ಬಾರದಿದ್ದಲ್ಲಿ ಮೊಣಕಾಲು ಗೆದ್ದಂತೆ. ಹಾಕ್ರಿ ಎಂದರೆ, ಗೆದ್ದರೂ ಮೊಣಕಾಲಿನ ಜತೆ ಪಾಲು. ನಾಸಿಕ ಜಿಲ್ಲೆಯಲ್ಲಿ ಇಷ್ಟೊಂದು ಊರುಗಳಿರುವಾಗ ಮಳೆ ಹುಡುಕಿಕೊಂಡು ಈ ಗಚ್ಚಿಗೇ ಏಕೆ ಬಂದೀತು? ಮನ್ಮಥಪ್ಪನವರು ಕಣ್ಣು ಮುಚ್ಚಿ, “ಹಾಕ್ರಿ!” ಎಂದರು.

ಸೋಮವಾರ ಬೆಳಗ್ಗೆ ಬಿಸಿಲು ಕಾದ ಹಂಚಿನಂತಿತ್ತು. ಹತ್ತು ಗಂಟೆಯೊಳಗೆ ಆರು ಮನೆಯ ಹಳೆಯ ಸೀರೆಗಳ ಮೇಲೆ ಕುರಡಿಗಿ ಬಿಳಿ ಸೇವಂತಿಗೆಯಂತೆ ಅರಳಿ ಕೂತವು. ಎದುರಿನ ಗಚ್ಚಿಯಲ್ಲಿ ಮಂದಾಕಿನಿಬಾಯಿಯವರವೂ ಅರಳಿದವು. ರಜೆ ಹಾಕಿದ್ದ ಮನ್ಮಥಪ್ಪನವರು ತಲೆಗೆ ಟವೆಲ್ ಸುತ್ತಿ, ಸ್ಟೋರಿನಿಂದ ಕೇಳಿ ತಂದ, ಮಳೆ ತಡೆಯುವ ತಾಡಪಾಲಿನ ಪಕ್ಕದಲ್ಲಿ ಕಾವಲು ಕೂತರು.

ನಾಲ್ಕಕ್ಕೆ ತ್ರ್ಯಂಬಕದ ಕಡೆಯಿಂದ ಒಂದು ಮೋಡ ಬಂತು. ಒಂದೇ ಒಂದು, ಎಮ್ಮೆಯಂಥದ್ದು. ನೇರ ಬಂದು ನೆತ್ತಿಯ ಮೇಲೆ ನಿಂತಿತು. ಅರೆ ಒಣಗಿದ ಕುರಡಿಗಿಯನ್ನು ಎತ್ತಿದರೆ ಪುಡಿ, ಬಿಟ್ಟರೆ ಅಂಟು. “ತಾಡಪಾಲ ಹಿಡೀರಿ!” ಎಂದು ಈರಮ್ಮ ಕೂಗಿದರು. ಮನ್ಮಥಪ್ಪನವರು ಹಿಡಿದರು. ಗಾಳಿಯೂ ಹಿಡಿಯಿತು. ತಾಡಪಾಲು ಹಾಯಿಯಂತೆ ಉಬ್ಬಿತು, ಸಮುದ್ರ ನೋಡದ ನಾವಿಕರು ಅದರ ತುದಿಗೆ ಜೋತು ಬಿದ್ದು ನೀರಿನ ಟಾಕಿಯವರೆಗೆ ಜಾರಿಕೊಂಡು ಹೋದರು. ಏಳೇ ನಿಮಿಷ ಮಳೆ. ಆಮೇಲೆ ಮೋಡ ಕೆಲಸ ಮುಗಿಸಿದ ಗುಮಾಸ್ತನಂತೆ ಎದ್ದು ಹೋಯಿತು.

ಗಚ್ಚಿಯ ಮೇಲೆ ಆರು ಮನೆಯ ಕುರಡಿಗಿ ಗೋಂದಾಗಿತ್ತು. ಇಪ್ಪತ್ತೈದು ಅಡಿ ರಸ್ತೆಯಾಚೆ ಒಂದು ಹನಿ ಬಿದ್ದಿರಲಿಲ್ಲ. ಮಂದಾಕಿನಿಬಾಯಿ ಬಿಸಿಲಲ್ಲಿ ನಿಂತು, “ಅಯ್ಯ, ನಿಮ್ಮಲ್ಲಿ ಮಳಿ ಬಂತೇನ್ರಿ?” ಎಂದು ಕೇಳಿದರು.

ಟಾಕಿಯ ಬುಡದಿಂದ ಎದ್ದ ಮನ್ಮಥಪ್ಪನವರ ತೊಯ್ದ ಮುಖದ ಮೇಲೆ ಸೋಲಿನ ಜತೆಗೆ ಇನ್ನೇನೋ ಇತ್ತು. ಚೀಟಿ ಹೊರತೆಗೆದರು. ಅಕ್ಷರಗಳು ಹರಡಿದ್ದವು. “ಏ ಈರಮ್ಮಾ, ಖರೇ ಹೇಳ್ಯಾರ ನೋಡು! ಒಂದೆರಡು ಕಡೆ! ಆ ಒಂದು ಕಡೆ ನಾವಽ!”

ಈರಮ್ಮನವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಕೆಳಗೆ ಹೋಗಿ, ಸ್ಟೂಲು ಹಾಕಿ, ಹಾಡುತ್ತಿದ್ದ ರೇಡಿಯೋವನ್ನು ಆರಿಸದೆ ಹಾಗೆಯೇ ಎತ್ತಿ ಅಟ್ಟದ ಮೇಲೆ ಒಗೆದಿಟ್ಟರು. ಆಮೇಲೆ ಇಬ್ಬರೂ ಕೂತು ಸೀರೆಯಿಂದ ಗೋಂದನ್ನು ಚಮಚದಲ್ಲಿ ಕೆರೆಯತೊಡಗಿದರು.

ಆರೂ ಐವತ್ತೈದಕ್ಕೆ ಅಟ್ಟದಿಂದ, ಹಿತ್ತಾಳೆ ಹಂಡೆಗಳ ಹಿಂದಿನಿಂದ ದನಿ ಬಂತು. ಗಾಳಿ ವಾಯವ್ಯದಿಂದ. ಅಲೆ ಒಂದರಿಂದ ಒಂದೂವರೆ ಮೀಟರ್.

“ಮೀನುಗಾರರಿಗೆ ಏನೂ ತ್ರಾಸ ಇಲ್ಲಂತ,” ಎಂದರು ಮನ್ಮಥಪ್ಪನವರು, ಚಮಚ ನಿಲ್ಲಿಸದೆ.

“ಇರೂದಿಲ್ಲ ಬಿಡ್ರಿ,” ಎಂದರು ಈರಮ್ಮ. “ಅವರೇನ್ ಕುರಡಿಗಿ ಹಾಕ್ತಾರೇನು?”

“ಇನ್ನು ಒಳನಾಡಿನ ಕಣಿವೆಗಳಲ್ಲಿ” ಎಂದಿತು ರೇಡಿಯೋ. ಭೋಂಗಾ ಕೂಗಿತು.